ಮನೆ ಮುಂದೆ ಹುಲ್ಲುಹಾಸು ಹಾಕೋ ಮೊದಲು ನೀರಿನ ಲೆಕ್ಕ ಹಾಕಿ: ಕಡಿಮೆ ನೀರು, ಕಡಿಮೆ ಕೆಲಸದ 5 ನೆಲಹೊದಿಕೆಗಳು

ಈ ವಾರದ ವಿಷಯ ಬೆಳೆಯದ್ದಲ್ಲ, ಮನೆ ಅಂಗಳದ್ದು. ಆದರೆ ಓದಿ ಮುಗಿಸೋ ಹೊತ್ತಿಗೆ ಇದು ನಿಮ್ಮ ಬೋರ್‌ವೆಲ್‌ನ ವಿಷಯ, ತೆಂಗಿನ ಮರದ ವಿಷಯ ಅಂತ ನಿಮಗೇ ಗೊತ್ತಾಗುತ್ತೆ.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು, ಹಂಪಾಪುರ ಹೋಬಳಿ. ಮೂರು ವರ್ಷದ ಹಿಂದೆ ಹೊಸ ಮನೆ ಕಟ್ಟಿದಾಗ ಮುಂದೆ ಒಂದು ಗುಂಟೆ ಜಾಗ ಉಳಿಯಿತು. ಕಬಿನಿ ಹಿನ್ನೀರಿನ ಕಡೆ ರೆಸಾರ್ಟ್‌ಗಳ ಮುಂದೆ ಇರುವ ಹಸಿರು ಹಾಸನ್ನು ಫೋನಿನಲ್ಲಿ ನೋಡಿ ನೋಡಿ ನನಗೂ ಆಸೆ ಆಯ್ತು. ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಹಾಳೆ ತರಿಸಿ ಹಾಸಿಬಿಟ್ಟೆ. ಮಳೆಗಾಲ ಪೂರ್ತಿ ನೋಡೋಕೆ ಎರಡು ಕಣ್ಣು ಸಾಲದು. ಫೋಟೋ ಹಾಕಿದ್ದೇ ಹಾಕಿದ್ದು.

ಫೆಬ್ರವರಿ ಬಂತು. ಹುಲ್ಲು ಕೆಂಪಗಾಗೋಕೆ ಶುರು. ದಿನಾ ಸಂಜೆ ಪೈಪ್ ಹಿಡಿದು ನಿಂತೆ. ಕರೆಂಟ್ ಇರುವ ಹೊತ್ತು ಕಮ್ಮಿ, ಬೋರ್‌ವೆಲ್ ನೀರೂ ಕಮ್ಮಿ. ಹುಲ್ಲಿಗೆ ಬಿಟ್ಟರೆ ಮನೆ ಪಕ್ಕದ ತೆಂಗಿಗೆ ಸಾಲದು. ಒಂದಿನ ಅವ್ವ ಬಾಗಿಲಲ್ಲಿ ನಿಂತು ಕೇಳಿದರು: "ಹಸ ಕಟ್ಟಂಗಿಲ್ಲ, ರಾಗಿ ಹರವಂಗಿಲ್ಲ, ಇದಕ್ಯಾಕ್ಲಾ ಮಗ ಇಷ್ಟ್ ನೀರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೇಸಿಗೆ ತೆಂಗಿನ ಎಳೆ ಮಿಡಿ ಬುಡದ ತುಂಬಾ ಉದುರಿತು. ಬೇಸಿಗೆಯಲ್ಲಿ ತೆಂಗಿಗೆ ನೀರು ತಪ್ಪಿದರೆ ಪೆಟ್ಟು ಅದೇ ವರ್ಷಕ್ಕೆ ಮುಗಿಯಲ್ಲ, ಮುಂದಿನ ವರ್ಷದ ಕಾಯಿಯಲ್ಲೂ ಕಾಣುತ್ತೆ. ನನಗೂ ಕಂಡಿತು.

ತಪ್ಪು ನರ್ಸರಿಯವರದ್ದಲ್ಲ, ಹುಲ್ಲಿನದ್ದೂ ಅಲ್ಲ. ಲೆಕ್ಕ ಹಾಕದೆ ಹಾಕಿದ್ದು ನನ್ನ ತಪ್ಪು. ನೀವು ಅದನ್ನೇ ಮಾಡಬಾರದು ಅಂತ ಈ ಪಾಠ.

ಮೊದಲು ಲೆಕ್ಕ

ಒಂದು ಚದರ ಮೀಟರ್ ನೆಲಕ್ಕೆ 1 ಮಿಲಿಮೀಟರ್ ನೀರು ಅಂದರೆ ಸರಿಯಾಗಿ 1 ಲೀಟರ್. ಇದೊಂದನ್ನು ನೆನಪಿಟ್ಟುಕೊಳ್ಳಿ, ಎಲ್ಲ ಬೆಳೆಗೂ ಉಪಯೋಗಕ್ಕೆ ಬರುತ್ತೆ.

ನಮ್ಮ ಕಡೆ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಹುಲ್ಲುಹಾಸು ಹಸಿರಾಗೇ ಇರಬೇಕು ಅಂದರೆ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್ ನೀರು ಬೇಕು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಹಾಗಾದರೆ:

- ದಿನಕ್ಕೆ 400ರಿಂದ 500 ಲೀಟರ್.
- ಫೆಬ್ರವರಿ ಮಧ್ಯದಿಂದ ಮೇ ಮಧ್ಯದವರೆಗೆ, ಮಳೆ ಬಂದ ದಿನ ಬಿಟ್ಟು 80 ದಿನ ಅಂದುಕೊಂಡರೂ 32 ಸಾವಿರದಿಂದ 40 ಸಾವಿರ ಲೀಟರ್.

ಈಗ ಹೋಲಿಸಿ ನೋಡಿ. ಫಲ ಬಿಡುವ ತೆಂಗಿನ ಮರಕ್ಕೆ ಡ್ರಿಪ್‌ನಲ್ಲಿ ಬೇಸಿಗೆಯಲ್ಲಿ ದಿನಕ್ಕೆ 40ರಿಂದ 60 ಲೀಟರ್ ಸಾಕು. ಅಂದರೆ ಒಂದು ಗುಂಟೆ ಹುಲ್ಲು ಕುಡಿಯೋ ನೀರು ಎಂಟು-ಹತ್ತು ತೆಂಗಿನ ಮರದ ನೀರು. ಹುಲ್ಲು ಕಾಯಿ ಕೊಡಲ್ಲ, ಹಾಲು ಕೊಡಲ್ಲ.

ನೀರಿನ ಜೊತೆ ಕೆಲಸ ಬೇರೆ. ಮಳೆಗಾಲದಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕು, ಆಗಾಗ ಯೂರಿಯಾ ಕೊಡಬೇಕು, ಜೇಕಿನ ಗಡ್ಡೆ ಕೀಳಬೇಕು, ಗೊಣ್ಣೆಹುಳ ಬಿದ್ದರೆ ಅದನ್ನೂ ನೋಡಬೇಕು. ಬೃಂದಾವನ ಉದ್ಯಾನದಲ್ಲಿ ಹುಲ್ಲುಹಾಸು ಚೆನ್ನಾಗಿದೆ ಅಂದರೆ ಅದರ ಹಿಂದೆ ಕನ್ನಂಬಾಡಿ ಕಟ್ಟೆ ಇದೆ, ದಿನಾ ಕೆಲಸ ಮಾಡೋ ಜನ ಇದ್ದಾರೆ. ನಮ್ಮ ಹಿಂದೆ ಇರೋದು ಒಂದು ಬೋರ್‌ವೆಲ್ ಮತ್ತು ನಾವಿಬ್ಬರು ಮೂವರು.

ಹಾಗಂತ ನೆಲ ಬೆತ್ತಲೆ ಬಿಡೋದೂ ಸರಿಯಲ್ಲ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣು ಒಂದು ಜೋರು ಮಳೆಗೆ ಕೊಚ್ಚಿ ಹೋಗುತ್ತೆ, ಬೇಸಿಗೆಯಲ್ಲಿ ಧೂಳಾಗಿ ಮನೆಯೊಳಗೆ ಬರುತ್ತೆ. ಖಾಲಿ ಬಿಟ್ಟ ಜಾಗಕ್ಕೆ ಕಾಂಗ್ರೆಸ್ ಹುಲ್ಲು ಮೊದಲು ಬಂದು ಕೂರುತ್ತೆ. ನೆಲಕ್ಕೆ ಹೊದಿಕೆ ಬೇಕೇ ಬೇಕು. ಯಾವ ಹೊದಿಕೆ ಅನ್ನೋದಷ್ಟೇ ಪ್ರಶ್ನೆ.

ಇಡೀ ಅಂಗಳಕ್ಕೆ ಒಂದೇ ಹೊದಿಕೆ ಬೇಡ

ನಾನು ಮೂರು ವರ್ಷದಲ್ಲಿ ಕಲಿತ ಮುಖ್ಯ ಮಾತು ಇದೇ. ಹೊಲದಲ್ಲಿ ತಗ್ಗಿಗೆ ಒಂದು ಬೆಳೆ, ದಿಬ್ಬಕ್ಕೆ ಒಂದು ಬೆಳೆ ಹಾಕ್ತೀವಿ. ಮನೆ ಅಂಗಳಕ್ಕೆ ಬಂದಾಗ ಮಾತ್ರ ಅದನ್ನ ಮರೆತು ಒಂದೇ ಹಸಿರು ಚಾಪೆ ಹಾಸೋಕೆ ಹೋಗ್ತೀವಿ.

ಒಂದು ರಜೆ ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಒಂದೇ ಜಾಗದಲ್ಲಿ ನಿಂತು ಅಂಗಳದ ಫೋಟೋ ತೆಗೆಯಿರಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಪೂರ್ತಿ ಬಿಸಿಲು, ಎಲ್ಲಿ ಅರೆನೆರಳು, ಎಲ್ಲಿ ನೀರು ನಿಲ್ಲುತ್ತೆ, ಜನ-ದನ ಎಲ್ಲಿ ಓಡಾಡ್ತಾರೆ ಅಂತ ಗುರುತು ಮಾಡಿ. ಆಮೇಲೆ ಕೆಳಗಿನ ಐದರಲ್ಲಿ ಯಾವುದು ಎಲ್ಲಿಗೆ ಅಂತ ತೀರ್ಮಾನ ಮಾಡಿ.

1. ಕೆಲಸದ ಜಾಗ: ಸಾರಿಸಿದ ನೆಲವೇ ಸರಿ

ರಾಗಿ ಒಣಗಿಸೋದು, ಮೆಣಸಿನಕಾಯಿ ಹರವೋದು, ಹತ್ತಿ ಬಿಡಿಸಿ ತಂದು ಸುರಿಯೋದು, ಬೈಕ್ ನಿಲ್ಲಿಸೋದು ಎಲ್ಲ ಬಾಗಿಲ ಮುಂದೆಯೇ. ಆ ಜಾಗದಲ್ಲಿ ಏನನ್ನೂ ನೆಡಬೇಡಿ. ಮಣ್ಣು ಗಟ್ಟಿ ಮಾಡಿ, ನೀರು ಹೊರಕ್ಕೆ ಹರಿಯುವ ಹಾಗೆ ಸ್ವಲ್ಪ ಇಳಿಜಾರು ಕೊಟ್ಟು, ಸಗಣಿ ಹಾಕಿ ಸಾರಿಸಿ. ನಮ್ಮ ಅಜ್ಜಿಯರು ಮಾಡಿದ್ದು ಇದನ್ನೇ. ಬಿಳಿ ರಂಗೋಲಿ ಎದ್ದು ಕಾಣೋದೂ ಈ ನೆಲದ ಮೇಲೆಯೇ. ಇಡೀ ಅಂಗಳಕ್ಕೆ ಸಿಮೆಂಟ್ ಹಾಕಿದರೆ ಮಳೆ ನೀರು ಇಂಗಲ್ಲ, ಬೇಸಿಗೆಯಲ್ಲಿ ಮನೆ ಕಾಯುತ್ತೆ. ಎಷ್ಟು ಬೇಕೋ ಅಷ್ಟೇ ಹಾಕಿ.

2. ಓಡಾಡೋ ಬಿಸಿಲು ಜಾಗ: ಗರಿಕೆ ಅಥವಾ ನೆಲಹಿಪ್ಪಲಿ

ಗಣೇಶನಿಗೆ ಇಡೋ ಗರಿಕೆ ನಮ್ಮ ನೆಲದ್ದೇ ಹುಲ್ಲು. ಬೇರು ಆಳಕ್ಕೆ ಹೋಗುತ್ತೆ. ಬೇಸಿಗೆಯಲ್ಲಿ ಒಣಗಿದ ಹಾಗೆ ಕಂಡರೂ ಸತ್ತಿರಲ್ಲ, ಮೊದಲ ಮಳೆಗೆ ಹಸಿರಾಗುತ್ತೆ. ಎರಡು ತಿಂಗಳು ಕಂದು ಬಣ್ಣ ನೋಡೋಕೆ ಒಪ್ಪಿಕೊಂಡರೆ ಒಂದು ಹನಿ ನೀರೂ ಬೇಡ. ಮಳೆಗಾಲದಲ್ಲಿ ಕುಡುಗೋಲಲ್ಲಿ ಕೊಯ್ದು ಹಸುವಿಗೆ ಹಾಕಿ, ಬೇರೆ ಕತ್ತರಿ ಬೇಕಿಲ್ಲ.

ಒಂದು ಎಚ್ಚರಿಕೆ: ಗರಿಕೆ ಹೊಲಕ್ಕೆ ನುಗ್ಗಿದರೆ ಅದಕ್ಕಿಂತ ಕೆಟ್ಟ ಕಳೆ ಇಲ್ಲ. ಅಂಗಳ ಮತ್ತು ಹೊಲದ ನಡುವೆ ಒಂದು ಅಡಿ ಅಗಲದ ಬರಿ ನೆಲ ಅಥವಾ ಕಲ್ಲು ಸಾಲು ಬಿಡಿ, ದಾಟಿ ಬಂದ ಬಳ್ಳಿಯನ್ನು ಆಗಾಗ ಕಿತ್ತುಹಾಕಿ. ಕೈತೋಟದ ಪಕ್ಕ ಗರಿಕೆ ಹಾಕಲೇಬೇಡಿ.

ನೆಲಹಿಪ್ಪಲಿಯನ್ನು ನೀವು ಕೆರೆ ಏರಿ ಮೇಲೆ, ಗದ್ದೆ ಬದುವಿನಲ್ಲಿ ನೋಡೇ ಇರ್ತೀರಿ. ನೆಲಕ್ಕೆ ಅಂಟಿಕೊಂಡು ಹರಡುತ್ತೆ, ಬಿಳಿ-ನೇರಳೆ ಬಣ್ಣದ ಪುಟ್ಟ ಪುಟ್ಟ ಹೂ ಬಿಡುತ್ತೆ. ನರ್ಸರಿಗಳಲ್ಲಿ ಲಿಪ್ಪಿಯಾ ಅಂತ ಮಾರ್ತಾರೆ. ಗಿಣ್ಣು ಗಿಣ್ಣಿಗೆ ಬೇರು ಬಿಡೋದರಿಂದ ತುಳಿದರೂ ಸಹಿಸುತ್ತೆ. ಕತ್ತರಿಸೋ ಕೆಲಸ ತೀರಾ ಕಡಿಮೆ. ಹೂವಿಗೆ ಜೇನು, ಚಿಟ್ಟೆ ಬರುತ್ತವೆ. ತೋಟಕ್ಕೆ ಅದು ಒಳ್ಳೇದು. ಆದರೆ ಮಕ್ಕಳು ಬರಿಗಾಲಲ್ಲಿ ಆಡೋ ಜಾಗದಲ್ಲಿ ಬೇಡ, ಜೇನು ಕಚ್ಚಬಹುದು.

3. ನೋಡೋಕೆ ಚೆಂದ ಬೇಕಾದ ಅರೆನೆರಳು ಜಾಗ: ಪಿಂಟೋ ಕಡಲೆ ಬಳ್ಳಿ

ನರ್ಸರಿಯವರು ಅರಾಚಿಸ್ ಅಥವಾ ಪೀನಟ್ ಗ್ರಾಸ್ ಅಂತಾರೆ. ಇದು ಹುಲ್ಲಲ್ಲ, ನಮ್ಮ ಕಡಲೆಕಾಯಿಯ ದಾಯಾದಿ. ಮೂಲ ಬ್ರೆಜಿಲ್. 1954ರಲ್ಲಿ ಅಲ್ಲಿ ಇದನ್ನು ಮೊದಲು ಸಂಗ್ರಹಿಸಿದ ಸಸ್ಯತಜ್ಞ ಪಿಂಟೋ ಅವರ ಹೆಸರೇ ಬಳ್ಳಿಗೆ ಬಂದಿದೆ. ನೆಲಕ್ಕೆ ಹತ್ತಿರವೇ ಹರಡುತ್ತೆ, ವರ್ಷದ ಹೆಚ್ಚು ದಿನ ಹಳದಿ ಹೂ ಇರುತ್ತೆ. ದ್ವಿದಳ ಜಾತಿ ಆದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದಿಡುತ್ತೆ, ಯೂರಿಯಾ ಬೇಡ. ಹಸುಗಳೂ ಇಷ್ಟಪಟ್ಟು ತಿನ್ನುತ್ತವೆ. ತೆಂಗು, ಅಡಿಕೆ ತೋಟದ ನೆರಳಲ್ಲೂ ಬರುತ್ತೆ.

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಮಳೆ ಜಾಸ್ತಿ ಇರುವ ಮಲೆನಾಡು, ಕೇರಳದಲ್ಲಿ ಬರುವಷ್ಟು ಸೊಂಪಾಗಿ ನಮ್ಮ ಬಯಲಲ್ಲಿ ಬರಲ್ಲ. ನಮ್ಮನೆಯಲ್ಲಿ ತೆಂಗಿನ ನೆರಳಲ್ಲಿರೋದಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಸಾಕಾಯ್ತು. ಪೂರ್ತಿ ಬಿಸಿಲಲ್ಲಿ ಹಾಕಿದ್ದು ಏಪ್ರಿಲ್‌ನಲ್ಲಿ ಎಲೆ ಉದುರಿಸಿ ಮಲಗಿತು, ಮಳೆ ಬಿದ್ದ ಮೇಲೆ ಎದ್ದಿತು, ನಡುವೆ ಅಲ್ಲಲ್ಲಿ ಬೋಳಾಯಿತು. ದಿನಾ ತುಳಿಯೋ ಜಾಗಕ್ಕೂ ಇದು ಆಗಲ್ಲ. ನಡುವೆ ಕಾಲಿಡೋಕೆ ಚಪ್ಪಡಿ ಕಲ್ಲು ಹಾಕಿ.

4. ಒದ್ದೆ ಇರುವ ನೆರಳು ಜಾಗ: ಒಂದೆಲಗ

ನೀರಿನ ತೊಟ್ಟಿ ಪಕ್ಕ, ನಲ್ಲಿ ಕೆಳಗೆ, ಬಾಳೆ ಬುಡದ ತಂಪಿನಲ್ಲಿ ಒಂದೆಲಗ ತಾನಾಗೇ ಹರಡುತ್ತೆ. ಒಂದು ಹಿಡಿ ಬಳ್ಳಿ ತಂದು ನೆಟ್ಟರೆ ಒಂದು ಮಳೆಗಾಲದಲ್ಲಿ ಆ ಮೂಲೆ ತುಂಬುತ್ತೆ. ಚಟ್ನಿಗೆ ಸೊಪ್ಪೂ ಆಯ್ತು. ಆದರೆ ಬಚ್ಚಲು ನೀರು, ಸೋಪಿನ ನೀರು ಹರಿಯೋ ಜಾಗದಲ್ಲಿ ಬೆಳೆದದ್ದನ್ನು ತಿನ್ನಬೇಡಿ, ಅದು ನೆಲ ಮುಚ್ಚೋಕೆ ಮಾತ್ರ. ತಿನ್ನೋಕೆ ಬೇಕಾದ್ದನ್ನು ಒಳ್ಳೆ ನೀರಿನ ಕಡೆ ಬೇರೆ ಬೆಳೆಸಿ. ಒಣ ಬಿಸಿಲು ಜಾಗದಲ್ಲಿ ಒಂದೆಲಗ ನೆಟ್ಟರೆ ಅದಕ್ಕೂ ದಿನಾ ನೀರು ಹೊರಬೇಕಾಗುತ್ತೆ. ಆಗ ಹುಲ್ಲು ಬಿಟ್ಟು ಬಂದದ್ದಕ್ಕೆ ಅರ್ಥ ಇಲ್ಲ.

5. ಹಿತ್ತಲು, ತೆಂಗಿನ ಸಾಲು: ಅಲಸಂದೆ, ಹುರುಳಿ ಮತ್ತು ಮುಚ್ಚಿಗೆ

ಯಾರೂ ಕೂತು ನೋಡದ, ಓಡಾಟವೂ ಇಲ್ಲದ ಜಾಗಕ್ಕೆ ದುಡ್ಡು ಕೊಟ್ಟು ಗಿಡ ತರಬೇಡಿ. ಮುಂಗಾರಿನಲ್ಲಿ ಅಲಸಂದೆ ಚೆಲ್ಲಿ, ಹಿಂಗಾರಿಗೆ ಹುರುಳಿ ಚೆಲ್ಲಿ. ನೆಲ ಮುಚ್ಚೋಕೆ ಗುಂಟೆಗೆ ಅರ್ಧ ಕೆಜಿ ಬೀಜ ಸಾಕು. ಹುರುಳಿ ಇಬ್ಬನಿಯಲ್ಲೇ ಬದುಕುತ್ತೆ ಅಂತ ನಮ್ಮ ಹಿರಿಯರು ಹೇಳೋದು ಸುಮ್ಮನೆ ಅಲ್ಲ, ಕಡಿಮೆ ತೇವದಲ್ಲಿ ಬರುವ ಬೆಳೆಗಳಲ್ಲಿ ಅದೂ ಒಂದು. ಕಾಳು ಬಂದರೆ ಮನೆಗೆ, ಬರದಿದ್ದರೆ ಬಳ್ಳಿ ದನಕ್ಕೆ, ಬೇರು ಮಣ್ಣಿಗೆ.

ಬೇಸಿಗೆಗೆ ಅದೇ ಜಾಗಕ್ಕೆ ಮುಚ್ಚಿಗೆ ಹಾಕಿ: ತೆಂಗಿನ ಗರಿ ಕತ್ತರಿಸಿ ಹಾಕಬಹುದು, ತರಗು, ರಾಗಿ ಹೊಟ್ಟು, ತೆಂಗಿನಕಾಯಿ ಸಿಪ್ಪೆ ಹಾಕಬಹುದು. ತೆಂಗಿನ ಪಾತಿಯಲ್ಲಿ ಸಿಪ್ಪೆಯನ್ನು ನೆಲದ ಮೇಲೆ ಹಾಸುವಾಗ ಉಬ್ಬಿದ ಬೆನ್ನು ಮೇಲೆ ಬರಲಿ, ಆಗ ಮಳೆ ನೀರು ಅದರೊಳಗೆ ನಿಂತು ಸೊಳ್ಳೆ ಆಗಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ತೆಂಗಿನ ಪಾತಿಗೆ ಮುಚ್ಚಿಗೆ ಹಾಕಿ ಅಂತಲೇ ಹೇಳುತ್ತೆ.

ಎರಡು ಮಾತು ಮರೆಯಬೇಡಿ. ಮುಚ್ಚಿಗೆಯನ್ನು ಗೋಡೆಯಿಂದ, ಮರದ ಬುಡದಿಂದ ಒಂದು ಅಡಿ ದೂರ ಇಡಿ, ಇಲ್ಲದಿದ್ದರೆ ಗೆದ್ದಲು ಬರುತ್ತೆ. ತೆಳ್ಳಗೆ ಹರಡಿ, ಗುಡ್ಡೆ ಹಾಕಬೇಡಿ. ಕೊಳೆಯೋ ಗುಡ್ಡೆಯಲ್ಲಿ ತೆಂಗಿನ ಸುಳಿ ಕೊರೆಯೋ ಕೊಂಬಿನ ದುಂಬಿ ಮೊಟ್ಟೆ ಇಡುತ್ತೆ.

ಇದನ್ನು ಮಾತ್ರ ತರಬೇಡಿ

"ನೀರೇ ಬೇಡ, ತಾನಾಗೇ ಹರಡುತ್ತೆ" ಅಂತ ಯಾರಾದರೂ ಗಿಡ ಕೊಟ್ಟರೆ ಎರಡು ಸಲ ಯೋಚನೆ ಮಾಡಿ. ಹೊಳೆಯೋ ಎಲೆ, ಸಣ್ಣ ಸೂರ್ಯಕಾಂತಿಯಂಥ ಹಳದಿ ಹೂವಿನ ವೆಡೆಲಿಯಾ ಎಷ್ಟೋ ಮನೆ, ರಸ್ತೆ ಬದಿಯಲ್ಲಿದೆ. ನೋಡೋಕೆ ಚೆಂದ. ಆದರೆ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಪಟ್ಟಿ ಮಾಡಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ ಇದೂ ಒಂದು. ಒಂದು ತುಂಡು ಕಾಲುವೆಗೆ ಬಿದ್ದರೆ ಸಾಕು, ಕೆಳಗಿನ ಗದ್ದೆ ಬದುವಿನಲ್ಲಿ ಬೇರು ಬಿಡುತ್ತೆ.

ಕೋಟೆ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಕ್ಕದ ಬಂಡೀಪುರ, ನಾಗರಹೊಳೆ ಕಾಡಿನಲ್ಲಿ ಜಿಂಕೆ, ಕಾಟಿ, ಆನೆ ಮೇಯೋ ಹುಲ್ಲಿನ ಜಾಗವನ್ನು ಲಂಟಾನ ನುಂಗಿದೆ. ಅದನ್ನು ಬ್ರಿಟಿಷರು 1800ರ ದಶಕದ ಆರಂಭದಲ್ಲಿ ತಂದದ್ದು ಹೂವಿನ ಅಲಂಕಾರಕ್ಕೇ. ಹಳದಿ ಹೂವಿನ ಸೆನ್ನಾ ಮರದ ಕಥೆಯೂ ಅದೇ. ನಮ್ಮ ಅಂಗಳದಿಂದ ಕಾಡಿಗೆ ದೂರ ಕಮ್ಮಿ.

ರಬ್ಬರ್ ತೋಟದಲ್ಲಿ ನೆಲ ಮುಚ್ಚೋಕೆ ಬೆಳೆಸುವ ಮ್ಯೂಕುನಾ ಬಳ್ಳಿಯೂ ಮನೆ ಹತ್ತಿರ ಬೇಡ. ಬಿಟ್ಟರೆ ಮರ ಏರುತ್ತೆ, ದಿನಾ ಇಳಿಸೋ ಕೆಲಸ ನಿಮ್ಮದೇ.

ಹಾವಿನ ಮಾತು

ಅವ್ವ ಕೇಳಿದ ಎರಡನೇ ಪ್ರಶ್ನೆ ಇದೇ: "ಬಳ್ಳಿ ಬೆಳೆಸಿದ್ರೆ ಹುಳ-ಹುಪ್ಪಟೆ ಬರಲ್ವಾ?" ಸರಿಯಾದ ಪ್ರಶ್ನೆ. ಕೊಳಕುಮಂಡಲ ಹುಲ್ಲು, ತರಗಿನ ನಡುವೆ ಮಲಗಿದ್ದರೆ ಕಣ್ಣಿಗೆ ಬೀಳಲ್ಲ. ಹಾಗಾಗಿ:

- ಮನೆ ಗೋಡೆಯ ಸುತ್ತ 4 ಅಡಿ ಅಗಲ ಬರಿ ನೆಲ ಬಿಡಿ. ಅಲ್ಲಿ ಬಳ್ಳಿಯೂ ಬೇಡ, ಮುಚ್ಚಿಗೆಯೂ ಬೇಡ, ಸೌದೆ ರಾಶಿಯೂ ಬೇಡ.
- ಯಾವ ಹೊದಿಕೆಯೂ ಗೇಣಿಗಿಂತ ಎತ್ತರ ಬೆಳೆಯೋಕೆ ಬಿಡಬೇಡಿ.
- ಬಾಗಿಲಿಂದ ಗೇಟ್‌ವರೆಗೆ, ಬಾಗಿಲಿಂದ ಕೊಟ್ಟಿಗೆವರೆಗೆ ಕಾಲುದಾರಿ ಬರಿ ನೆಲ ಅಥವಾ ಕಲ್ಲು ಇರಲಿ.
- ಕಾಳು ಚೆಲ್ಲಿದರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಗುಡಿಸಿಡಿ. ಕತ್ತಲಲ್ಲಿ ಹೊರಗೆ ಹೋಗುವಾಗ ಫೋನಿನ ಟಾರ್ಚ್ ಹಾಕಿಕೊಂಡೇ ಹೋಗಿ.

ನೆಡುವ ಕ್ರಮ

ಫೆಬ್ರವರಿ-ಏಪ್ರಿಲ್: ಜಾಗ ಅಗೆದು ಕಳೆ, ಜೇಕಿನ ಗಡ್ಡೆ ಕೈಯಲ್ಲಿ ಆರಿಸಿ. ಒಮ್ಮೆ ನೀರು ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಬಿಸಿಲಿನ ಕಾವಿಗೆ ಮೇಲ್ಮಣ್ಣಿನ ಕಳೆ ಬೀಜ ಸಾಯುತ್ತೆ. ಜೇಕಿನ ಗಡ್ಡೆ ಮಾತ್ರ ಪೂರ್ತಿ ಸಾಯಲ್ಲ, ಆಮೇಲೆ ಮತ್ತೆ ಕೀಳಬೇಕು. ಕೋಳಿ, ಹಸು ಓಡಾಡೋ ಅಂಗಳಕ್ಕೆ ಕಳೆನಾಶಕ ಹೊಡೆಯಬೇಡಿ.

ಮೇ: ಹತ್ತಿ ಬಿತ್ತನೆ ಮುಗಿದ ಮೇಲೆ ಸಿಗೋ ಬಿಡುವಿನಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಲ ಸಮ ಮಾಡಿ. ಗೊಬ್ಬರ ಚೆನ್ನಾಗಿ ಕಳಿತಿರಲಿ, ಹಸಿ ಗೊಬ್ಬರದಲ್ಲಿ ಕಳೆ ಬೀಜ, ಗೊಣ್ಣೆಹುಳ ಎರಡೂ ಇರುತ್ತವೆ.

ಜೂನ್ ಕೊನೆ-ಆಗಸ್ಟ್: ಜಿಟಿಜಿಟಿ ಮಳೆಯಲ್ಲಿ ನೆಡಿ. ಪಿಂಟೋ, ನೆಲಹಿಪ್ಪಲಿ ಎರಡಕ್ಕೂ 4ರಿಂದ 6 ಅಂಗುಲದ ತುಂಡು, ಎರಡು ಗಿಣ್ಣು ಮಣ್ಣೊಳಗೆ, ತುಂಡಿನಿಂದ ತುಂಡಿಗೆ 10 ಅಂಗುಲ. ನೂರಾರು ಗಿಡ ಕೊಳ್ಳಬೇಡಿ. ಹತ್ತು-ಹದಿನೈದು ಗಿಡ ತಂದು ಮೂಲೆಯಲ್ಲಿ ತಾಯಿ ಮಡಿ ಮಾಡಿ, ಮುಂದಿನ ವರ್ಷ ಅದರಿಂದಲೇ ತುಂಡು ತೆಗೆಯಿರಿ. 10 ಅಡಿಗೆ 10 ಅಡಿ ಜಾಗಕ್ಕೆ ಸುಮಾರು 145 ತುಂಡು ಬೇಕು.

ಮೊದಲ 3 ತಿಂಗಳು: ಹದಿನೈದು ದಿನಕ್ಕೊಮ್ಮೆ ಕೈಯಲ್ಲಿ ಕಳೆ ಕೀಳಲೇಬೇಕು. ಮಳೆ ಕೈಕೊಟ್ಟರೆ ಎರಡು ದಿನಕ್ಕೊಮ್ಮೆ ನೀರು ಕೊಡಿ. ಕಡಿಮೆ ಕೆಲಸದ ಹೊದಿಕೆ ಅಂದರೆ ಮೊದಲ ದಿನದಿಂದಲೇ ಕೆಲಸ ಇಲ್ಲ ಅಂತ ಅಲ್ಲ. ಮೊದಲ ಮಳೆಗಾಲ ದುಡಿದರೆ ಆಮೇಲಿನ ವರ್ಷಗಳಲ್ಲಿ ಹಗುರ.

ಈಗ ನಮ್ಮನೆ ಮುಂದೆ

ಆ ಒಂದು ಗುಂಟೆಯಲ್ಲಿ ಅರ್ಧ ಸಾರಿಸಿದ ನೆಲ. ಅವ್ವನ ರಾಗಿ, ಮೆಣಸಿನಕಾಯಿ ಅಲ್ಲಿಗೆ ವಾಪಸ್ ಬಂದಿದೆ. ಗೇಟ್ ಪಕ್ಕದ ಬಿಸಿಲಿಗೆ ನೆಲಹಿಪ್ಪಲಿ, ತೆಂಗಿನ ನೆರಳಿಗೆ ಪಿಂಟೋ, ತೊಟ್ಟಿ ಪಕ್ಕ ಒಂದೆಲಗ. ಮೆಕ್ಸಿಕನ್ ಹುಲ್ಲನ್ನು ಪೂರ್ತಿ ಕಿತ್ತಿಲ್ಲ. ಕೂರೋ ಕಟ್ಟೆ ಮುಂದೆ 6 ಅಡಿಗೆ 6 ಅಡಿ ಉಳಿಸಿಕೊಂಡಿದ್ದೀನಿ. ಅಷ್ಟಕ್ಕೆ ಬೇಸಿಗೆಯಲ್ಲಿ ದಿನಕ್ಕೊಂದು ಕೊಡ ನೀರು, ಅದನ್ನ ಕೊಡಬಲ್ಲೆ. ಆಸೆ ತಪ್ಪಲ್ಲ, ಅಳತೆ ತಪ್ಪಿತ್ತು.

ಬಿಸಿಲಲ್ಲಿ ಹಾಕಿದ ಪಿಂಟೋ ಬೋಳಾದ ಕಡೆ ಈ ಮಳೆಗಾಲಕ್ಕೆ ನೆಲಹಿಪ್ಪಲಿ ತುಂಡು ನೆಡ್ತೀನಿ. ಉಳಿದ ನೀರು ತೆಂಗಿಗೆ ಹೋಗ್ತಿದೆ. ಕಳೆದ ಬೇಸಿಗೆ ಮಿಡಿ ಉದುರಿದ್ದು ಕಮ್ಮಿ.

ಈ ವಾರದ ಕೆಲಸ: ಮೇಲೆ ಹೇಳಿದ ಮೂರು ಫೋಟೋ ತೆಗೆಯಿರಿ, ಅಂಗಳದ ಉದ್ದ-ಅಗಲ ಅಳೆಯಿರಿ, ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಜಾಗದ ನೀರಿನ ಲೆಕ್ಕ ಹಾಕಿ. ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತೆ, ಅದನ್ನು 5ರಿಂದ ಗುಣಿಸಿದರೆ ದಿನಕ್ಕೆ ಬೇಕಾದ ಲೀಟರ್. ಆ ಸಂಖ್ಯೆಯನ್ನು ಮನೆಯವರಿಗೆ ತೋರಿಸಿ, ಆಮೇಲೆ ಎಲ್ಲರೂ ಕೂತು ತೀರ್ಮಾನ ಮಾಡಿ. ಗಿಡ ಗುರುತಿಸೋದರಲ್ಲಿ ಅನುಮಾನ ಇದ್ದರೆ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರಕ್ಕೋ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೋ ಒಂದು ಕೊಂಬೆ ಹಿಡಿದುಕೊಂಡು ಹೋಗಿ ಕೇಳಿ.

ಮುಂದಿನ ವಾರ ಸಿಗೋಣ.